ನಲವತ್ತಮೂರು ಬಾಯಿಗಳ ಹವಳ

"ಅಪ್ಪಾರ, ನಾ ಇಲ್ಲದಿದ್ರ ಆ ಕೂಸು ಉಪವಾಸ ಬೀಳ್ತದ. ಅದನ್ನ ಬಿಟ್ಟು ನಾ ಹೆಂಗ ಹೋಗ್ಲಿ?" ಎಂದು ನೀಲಮ್ಮ ಗುರುಗಳನ್ನು ಕೇಳಿದಳು.

ನೀಲಮ್ಮ ಮಠದ ಶಿಷ್ಯೆ. ಮಠದ ಹಿಂದೆ ಮಕ್ಕಳ ಮನೆಯೊಂದಿತ್ತು. ಕೈಕಾಲು ಸ್ವಾಧೀನವಿಲ್ಲದ ಹನ್ನೊಂದು ಮಕ್ಕಳು ಅಲ್ಲಿದ್ದರು. ಒಂಬತ್ತು ವರ್ಷಗಳಿಂದ ನೀಲಮ್ಮ ಅವರನ್ನು ನೋಡಿಕೊಳ್ಳುತ್ತಿದ್ದಳು. ಆ ಮಕ್ಕಳಲ್ಲಿ ಚೆನ್ನವ್ವ ಎಂಬ ಆರು ವರ್ಷದ ಹುಡುಗಿ ನೀಲಮ್ಮನ ಕೈಯಿಂದಲ್ಲದೆ ಒಂದು ತುತ್ತನ್ನೂ ನುಂಗುತ್ತಿರಲಿಲ್ಲ.

ನೀಲಮ್ಮನ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಹುಬ್ಬಳ್ಳಿಯ ವೈದ್ಯರು ಆಪರೇಷನ್ ಆಗಲೇಬೇಕು ಎಂದಿದ್ದರು. ಅವರು ಕೊಟ್ಟ ದಿನವನ್ನು ಅವಳು ಎರಡು ಸಲ ಮುಂದೂಡಿದ್ದಳು. ಮೂರನೆಯ ಸಲ ಕೊಟ್ಟ ದಿನ ಬರುವ ಸೋಮವಾರ ಇತ್ತು.

"ಬ್ಯಾರೆಯವರು ಕೂಸಿಗೆ ಉಣಿಸಿ ನೋಡ್ಯಾರೇನು?" ಎಂದು ಗುರುಗಳು ಕೇಳಿದರು.

"ಒಂದ್ಸಲ ಅಡಿಗಿ ಮನಿ ಶಾಂತವ್ವ ಉಣಿಸಾಕ ಹೋದ್ಲು. ಕೂಸು ಬಾಯಿ ಬಿಗಿ ಹಿಡೀತು. ನನಗ ನೋಡಾಕ ಆಗಲಿಲ್ಲರೀ. ತಾಟು ಇಸಗೊಂಡು ನಾನ ಉಣಿಸಿದೆ."

ಗುರುಗಳು "ಕೂಡು" ಎಂದು ಚಾಪೆಯನ್ನು ತೋರಿಸಿದರು. ಅವಳು ಕುಳಿತಳು. ಅವರು ಈ ಕತೆಯನ್ನು ಹೇಳಿದರು.

ಗುಳೇದಗುಡ್ಡದ ಒಬ್ಬ ದರ್ಜಿ ಮಸ್ಕತ್ತಿನಲ್ಲಿದ್ದ. ಅವನ ಹೆಸರು ವಾಮನ. ಹೆಂಡತಿ ಯಮುನಾಬಾಯಿ. ಒಬ್ಬಳೇ ಮಗಳು, ಅವಳನ್ನು ಊರಲ್ಲೇ ಕೊಟ್ಟಿದ್ದರು. ಗಂಡಹೆಂಡತಿ ಇಬ್ಬರೂ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಯಮುನಾಬಾಯಿ ಕೊರಳಿಗೆ ತುಳಸಿಮಣಿ ಕಟ್ಟಿದವಳು. ಅವಳ ಅಡುಗೆಮನೆಯೊಳಗೆ ಎಂದೂ ಮೊಟ್ಟೆ ಬಂದದ್ದಿಲ್ಲ.

ವಾಮನ ಒಳ್ಳೆಯ ಕೆಲಸಗಾರ. ಅವನು ಹೊಲಿದ ಬಟ್ಟೆಯನ್ನು ಯಾರೂ ಸರಿಮಾಡಿಸಲು ಮರಳಿ ತರುತ್ತಿರಲಿಲ್ಲ. ಅಂಗಡಿಯ ಹೊಸ್ತಿಲು ದಾಟಿದ ಮೇಲೆ ಆ ಬಟ್ಟೆಗೂ ಅವನಿಗೂ ಸಂಬಂಧ ಮುಗಿಯುತ್ತಿತ್ತು.

ಅವನ ಗಿರಾಕಿಗಳಲ್ಲಿ ಬಂದರಿನ ಇಂಜಿನಿಯರ್ ಒಬ್ಬನಿದ್ದ. ಅವನು ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟ. ಹೊಲಿದ ಕೋಟನ್ನು ಕೊಡಲು ವಾಮನ ಅವನ ಮನೆಗೆ ಹೋದ. ಮನೆ ಬರಿದಾಗಿತ್ತು. ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ ಮಾತ್ರ ಉಳಿದಿತ್ತು. ಅದರಲ್ಲಿ ಕಡಲ ನೀರಿತ್ತು. ಮೀನುಗಳನ್ನು ಯಾರೋ ಒಯ್ದಿದ್ದರು. ನೀರಿನ ತಳದಲ್ಲಿ ಕಿತ್ತಳೆ ಬಣ್ಣದ ಒಂದು ಮುದ್ದೆ ಇತ್ತು. ಅದರ ತುಂಬ ಬಿಗಿಯಾಗಿ ಮುಚ್ಚಿಕೊಂಡ ಗುಂಡಿಗಳಂಥವು ಇದ್ದವು.

"ಇದು ಏನು?" ಎಂದು ವಾಮನ ಕೇಳಿದ.

"ಸೂರ್ಯಹವಳ. ಇದನ್ನು ಯಾರೂ ಕೇಳುತ್ತಿಲ್ಲ. ಬಹಳ ಕಷ್ಟದ್ದು," ಎಂದ ಇಂಜಿನಿಯರ್.

ಬೇರೆ ಎಷ್ಟೋ ಹವಳಗಳು ದೀಪದ ಬೆಳಕಿನಲ್ಲೇ ಬದುಕುತ್ತವೆ ಎಂದು ಅವನು ತಿಳಿಸಿದ. ಇದರ ಹೆಸರು ಸೂರ್ಯನದಾದರೂ ಇದು ಬೆಳಕಿನಿಂದ ಬದುಕುವುದಿಲ್ಲ. ಬಾಯಿಗೆ ಬಂದದ್ದನ್ನು ತಿಂದೇ ಬದುಕಬೇಕು. ಆ ಗುಂಡಿಗಳು ಒಂದೊಂದೂ ಒಂದು ಬಾಯಿ. ಒಂದು ಬಾಯಿ ತಿಂದರೆ ದೂರದ ಬಾಯಿಯ ಹೊಟ್ಟೆ ತುಂಬುವುದಿಲ್ಲ. ಹಾಗಾಗಿ ಪ್ರತಿ ಬಾಯಿಗೂ ಬೇರೆಯಾಗಿ ಉಣಿಸಬೇಕು. ಊಟ ತಪ್ಪಿದ ಬಾಯಿ ದಿನೇ ದಿನೇ ಕುಗ್ಗಿ ಕೊನೆಗೆ ಬಿಳಿಯ ಎಲುಬಷ್ಟೇ ಉಳಿಯುತ್ತದೆ.

ವಾಮನ ಸಮುದ್ರವನ್ನು ಮೊದಲು ಕಂಡದ್ದೇ ನಲವತ್ತಾರನೆಯ ವಯಸ್ಸಿನಲ್ಲಿ. ಹವಳವೆಂದರೆ ಅವನಿಗೆ ಗೊತ್ತಿದ್ದದ್ದು ಉಂಗುರದ ಕೆಂಪು ಹರಳು. ಅದಕ್ಕೆ ಹಸಿವು ಇರುತ್ತದೆಂದು ಅವನು ಎಣಿಸಿರಲಿಲ್ಲ. ಅವನು ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದ. ಮರುದಿನ ಇಬ್ಬರು ಹುಡುಗರನ್ನು ಕರೆತಂದು ತೊಟ್ಟಿಯನ್ನು ಮನೆಗೆ ಹೊರಿಸಿದ.

ಯಮುನಾಬಾಯಿ ಬಾಗಿಲಲ್ಲಿ ನಿಂತು ನೋಡಿದಳು.

"ಇದು ಏನು ತಿಂತದ?" ಎಂದು ಕೇಳಿದಳು.

"ಸೀಗಡಿ."

"ಹಂಗಾದ್ರ ನನ್ನ ಅಡಿಗಿ ಮನಿಯೊಳಗ ಅದರದೇನೂ ಬರಬ್ಯಾಡ. ನಾ ಮುಟ್ಟೂದಿಲ್ಲ," ಎಂದಳು.

ವಾಮನ ಒಪ್ಪಿದ. ಬಾಲ್ಕನಿಯಲ್ಲಿ ಒಂದು ಸಣ್ಣ ಫ್ರಿಜ್ ಇಟ್ಟ. ಒಂದು ಚಾಕು, ಒಂದು ಹಲಗೆ, ಒಂದು ಬಟ್ಟಲು ಬೇರೆ ಮಾಡಿದ. ಅವನ ಕೆಲಸವೆಲ್ಲ ಅಲ್ಲೇ ನಡೆಯಿತು.

ಮೊದಲ ತಿಂಗಳು ಹವಳ ಬಾಯಿ ತೆರೆಯಲಿಲ್ಲ. ಅವನು ಸೀಗಡಿಯ ಚೂರುಗಳನ್ನು ಹಾಕಿದರೆ ಅವು ಮುಚ್ಚಿದ ಬಾಯಿಗಳ ಮೇಲಿಂದ ಉರುಳಿ ಕೆಳಗೆ ಬೀಳುತ್ತಿದ್ದವು. ತಿನ್ನಲಿ ಎಂದು ಅವನು ಇನ್ನಷ್ಟು ಹಾಕಿದ. ಚೂರುಗಳು ಕೊಳೆತವು. ನೀರು ಕೆಟ್ಟು ನಾತ ಬಂತು. ಏಳು ಬಾಯಿಗಳು ಸಣ್ಣವಾದವು. ಒಂದು ವಾರ ಅವನು ದಿನವೂ ನೀರು ಬದಲಿಸಿದ. ಸಮುದ್ರದ ನೀರನ್ನು ಕ್ಯಾನುಗಳಲ್ಲಿ ತುಂಬಿ ಎರಡು ಮಹಡಿ ಹೊತ್ತು ತಂದ. ಹಸಿದದ್ದಕ್ಕೆ ಹೆಚ್ಚು ಸುರಿಯುವುದೂ ಕೊಲ್ಲುವುದೇ ಎಂದು ಅವನಿಗೆ ಆಗ ತಿಳಿಯಿತು.

ಆಮೇಲೆ ಅವನು ನಿಧಾನವಾಗಿ ಕಲಿತ. ಈ ಹವಳ ಬೆಳಕಿನಲ್ಲಿ ಮುಚ್ಚಿಕೊಳ್ಳುತ್ತದೆ, ಕತ್ತಲಾದರೆ ಅರಳುತ್ತದೆ. ಆ ಊರಲ್ಲಿ ಮಧ್ಯಾಹ್ನ ಒಂದಕ್ಕೆ ಅಂಗಡಿ ಮುಚ್ಚಿದರೆ ನಾಲ್ಕಕ್ಕೆ ತೆರೆಯುವುದು. ಅವನಿಗೆ ಬಿಡುವಿದ್ದದ್ದು ಆ ಹೊತ್ತಿನಲ್ಲಿ. ಅವನು ಸರಿಯಾಗಿ ಎರಡು ಗಂಟೆಗೆ ತೊಟ್ಟಿಯ ದೀಪ ಆರಿಸಿ ಕಪ್ಪು ಬಟ್ಟೆ ಹೊದಿಸುತ್ತಿದ್ದ. ಸೀಗಡಿ ತೊಳೆದ ನೀರನ್ನು ನಾಲ್ಕು ಹನಿ ಬಿಡುತ್ತಿದ್ದ. ಆ ವಾಸನೆ ನೀರಲ್ಲಿ ಹರಡುವ ತನಕ ಕಾಯುತ್ತಿದ್ದ. ದಿನವೂ ಅದೇ ಹೊತ್ತು, ಅದೇ ಬಟ್ಟೆ, ಅದೇ ವಾಸನೆ.

ಎರಡನೆಯ ತಿಂಗಳ ಕೊನೆಗೆ ಒಂದು ಬಾಯಿ ತೆರೆಯಿತು. ಗುಂಡಿಯ ನಡುವಿನಿಂದ ಹಳದಿ ಎಳೆಗಳು ಹೊರಬಂದವು. ಸೇವಂತಿಗೆಯ ಎಸಳುಗಳಷ್ಟು ತೆಳುವಾಗಿದ್ದವು. ವಾಮನ ಗಾಜಿನ ಉದ್ದ ನಳಿಗೆಯಿಂದ ಸಾಸಿವೆಯಷ್ಟು ಚೂರನ್ನು ಅವುಗಳ ಮೇಲೆ ಬಿಟ್ಟ. ಎಳೆಗಳು ಚೂರನ್ನು ಹಿಡಿದವು. ಮೆಲ್ಲಗೆ ಮಡಚಿ ಬಾಯೊಳಗೆ ಒಯ್ದವು. ವಾಮನ ಉಸಿರು ಬಿಗಿಹಿಡಿದು ನೋಡಿದ. ಮರುದಿನ ಮೂರು ತೆರೆದವು. ಮೂರನೆಯ ತಿಂಗಳಿಗೆ ಎಲ್ಲವೂ ತೆರೆದವು.

ಆ ಮೇಲೆ ಅವನ ಬದುಕು ಮಧ್ಯಾಹ್ನದ ಎರಡು ಗಂಟೆಗೆ ಕಟ್ಟುಬಿತ್ತು.

ಹವಳ ಬೆಳೆಯಿತು. ಎರಡು ವರ್ಷಕ್ಕೆ ಅದರ ಬಾಯಿಗಳು ನಲವತ್ತಮೂರಾದವು. ವಾಮನನಿಗೆ ಒಂದೊಂದೂ ಗೊತ್ತಿತ್ತು. ಎಲ್ಲಕ್ಕೂ ಉಣಿಸಲು ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತಿತ್ತು. ತೊಟ್ಟಿಯಲ್ಲಿ ಶಂಖ ಹೊತ್ತು ತಿರುಗುವ ಒಂದು ಏಡಿ ಇತ್ತು. ಅದು ಹವಳದ ಮೇಲೆ ಹತ್ತಿ ಬಾಯಿಗಳೊಳಗಿನ ಚೂರುಗಳನ್ನು ಎಳೆದು ತಿನ್ನುತ್ತಿತ್ತು. ವಾಮನ ಒಂದು ಕೈಯಲ್ಲಿ ನಳಿಗೆ ಹಿಡಿದು ಇನ್ನೊಂದು ಕೈಯಲ್ಲಿ ಹೆಣಿಗೆಯ ಕಡ್ಡಿಯಿಂದ ಏಡಿಯನ್ನು ನೂಕುತ್ತಿದ್ದ. ಅದು ಮತ್ತೆ ಹತ್ತುತ್ತಿತ್ತು. ಅವನು ಮತ್ತೆ ನೂಕುತ್ತಿದ್ದ. ಅಷ್ಟರಲ್ಲಿ ಅವನ ಊಟ ಆರಿ ತಣ್ಣಗಾಗುತ್ತಿತ್ತು. ಮೂರೂವರೆಗೆ ಉಂಡು ಅಂಗಡಿಗೆ ಇಳಿಯುತ್ತಿದ್ದ.

ಅವನ ಕೈಗೆ ಸಿಗದವು ಎರಡು ಬಾಯಿಗಳು. ಅವು ಹವಳದ ಅಡಿಯಲ್ಲಿ, ಗೋಡೆಯ ಕಡೆಗೆ ಇದ್ದವು. ನಳಿಗೆ ನೆಟ್ಟಗಿದ್ದುದರಿಂದ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅವು ಕುಗ್ಗುತ್ತ ಬಂದು ನಾಲ್ಕು ತಿಂಗಳಿಂದ ಮುಚ್ಚಿಕೊಂಡೇ ಇದ್ದವು. ಅವನು ಅವುಗಳ ಆಸೆ ಬಿಟ್ಟಿದ್ದ. ಯಾರಾದರೂ ಕೇಳಿದರೆ ನಲವತ್ತೊಂದು ಎನ್ನುತ್ತಿದ್ದ.

ಹವಳ ತಂದ ಮೊದಲ ವರ್ಷದಲ್ಲೇ ಊರಲ್ಲಿ ಮಗಳು ಹೆತ್ತಳು. ಯಮುನಾಬಾಯಿ ಹೋಗಿ ಒಂದು ತಿಂಗಳು ಬಾಣಂತನ ಮಾಡಿ ಬಂದಳು. ವಾಮನ ಹೋಗಲಿಲ್ಲ. ಮೊಮ್ಮಗಳನ್ನು ಫೋನಿನಲ್ಲಿ ನೋಡಿದ.

ನೀರಿನ ಕ್ಯಾನುಗಳನ್ನು ಹೊತ್ತು ಹೊತ್ತು ಅವನಿಗೆ ಹರ್ನಿಯಾ ಆಯಿತು. ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತು. ವೈದ್ಯ ಆಪರೇಷನ್ನಿಗೆ ದಿನ ಕೊಟ್ಟ.

"ಎಷ್ಟು ದಿನ ಮಲಗಬೇಕು?" ಎಂದು ವಾಮನ ಕೇಳಿದ.

"ಎರಡು ದಿನ ಇಲ್ಲಿ. ಆಮೇಲೆ ಮನೆಯಲ್ಲಿ ಒಂದು ವಾರ ವಿಶ್ರಾಂತಿ. ತಿಂಗಳೊಪ್ಪತ್ತು ಭಾರ ಎತ್ತಬೇಡಿ."

ವಾಮನ ಲೆಕ್ಕ ಹಾಕಿದ. ಎರಡು ದಿನ ಬಾಯಿಗಳು ಮುಚ್ಚಿಕೊಂಡರೆ ಮತ್ತೆ ತೆರೆಯುವುದಕ್ಕೆ ಎಷ್ಟು ದಿನವೋ. ಆ ತೊಟ್ಟಿಯ ನೀರು ಬದಲಿಸುವವರು ಯಾರು? ಅವನು ಮುಂದಿನ ತಿಂಗಳು ಬರುತ್ತೇನೆಂದ. ಮುಂದಿನ ತಿಂಗಳೂ ಅದನ್ನೇ ಹೇಳಿದ.

"ನೀವು ಹೋಗ್ರಿ. ಒಂದೆರಡು ದಿನಕ್ಕ ಏನಾಗ್ತದ?" ಎಂದು ಯಮುನಾಬಾಯಿ ಹೇಳಿದಳು.

"ನನ್ನ ಕೈಗಷ್ಟ ಅವು ಬಾಯಿ ತೆರೀತಾವ. ನಿನಗ ತಿಳಿಯೂದಿಲ್ಲ," ಎಂದು ವಾಮನ ಹೇಳಿದ.

ಅವಳು ಅಡುಗೆಮನೆಗೆ ಹೋದಳು.

ಒಂದು ಶುಕ್ರವಾರ ಬೆಳಿಗ್ಗೆ ಅವನು ಕ್ಯಾನು ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗ ಹೊಟ್ಟೆ ಹಿಡಿದುಕೊಂಡು ಕುಸಿದ. ಕರುಳು ಸಿಕ್ಕಿಕೊಂಡು ನೆತ್ತರಿನ ಓಟ ನಿಂತಿತ್ತು. ನೆರೆಮನೆಯ ನರ್ಸ್ ಆಂಬುಲೆನ್ಸ್ ಕರೆಸಿದಳು. ಒಂದು ಗಂಟೆಯಲ್ಲಿ ಆಪರೇಷನ್ ಶುರುವಾಯಿತು. ಒಂದು ಗೇಣು ಕರುಳನ್ನು ಕತ್ತರಿಸಿ ತೆಗೆಯಬೇಕಾಯಿತು. ಇನ್ನೆರಡು ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ವೈದ್ಯ ಯಮುನಾಬಾಯಿಗೆ ಹೇಳಿದ. ಅವಳು ಕುರ್ಚಿಯ ಮೇಲೆ ಕುಳಿತು ಕೊರಳ ಮಣಿಯನ್ನು ಬೆರಳಿನಲ್ಲಿ ಹಿಡಿದುಕೊಂಡಳು.

ವಾಮನನಿಗೆ ಎಚ್ಚರವಾದದ್ದು ಮರುದಿನ. ಅವನು ಮೊದಲು ಕೇಳಿದ್ದು, "ಗಂಟೆ ಎಷ್ಟು?"

"ಎರಡೂವರೆ," ಎಂದಳು ಹೆಂಡತಿ.

ಅವನು ಕಣ್ಣು ಮುಚ್ಚಿದ.

ಅವನು ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದ. ಗಾಯದಲ್ಲಿ ಕೀವಾಗಿ ಜ್ವರ ಬಂತು. ಯಮುನಾಬಾಯಿ ಬೆಳಿಗ್ಗೆ ಬಂದು ಒಂದು ಗಂಟೆಗೆ ಹೋಗುತ್ತಿದ್ದಳು. ಸಂಜೆ ಮತ್ತೆ ಬರುತ್ತಿದ್ದಳು. ಮಧ್ಯಾಹ್ನ ಊಟಕ್ಕೂ ವಿಶ್ರಾಂತಿಗೂ ಹೋಗುತ್ತಾಳೆಂದು ಅವನು ತಿಳಿದ.

ಐದನೆಯ ದಿನ ಅವನು ಧೈರ್ಯ ಮಾಡಿ ಕೇಳಿದ. "ಅವು ಹೆಂಗ ಅದಾವ?"

"ಚಲೋ ಅದಾವ. ಬಾಯಿ ತೆರೀತಾವ, ತಿಂತಾವ," ಎಂದಳು.

ಅವನು ಅವಳ ಮುಖ ನೋಡಿದ. ಸೀಗಡಿಯ ಬಟ್ಟಲು ಇಟ್ಟ ಜಾಗವನ್ನು ಕೂಡ ಬಳಸಿ ಹೋಗುವವಳು ಅವಳು. ರೋಗಿಯ ಸಮಾಧಾನಕ್ಕೆ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡ. ಹೆಚ್ಚು ಕೇಳಿದರೆ ಅವಳಿಗೆ ಇನ್ನಷ್ಟು ಸುಳ್ಳು ಹೇಳಬೇಕಾಗುತ್ತದೆ ಎಂದು ಸುಮ್ಮನಾದ.

ಒಂದು ಸಂಜೆ ಅವನು ಸೇಬಿನ ರಸ ಕುಡಿದು ಮುಗಿಸಿದ. ಮಲಗಿದಲ್ಲೇ ಕುಡಿಯಲು ತುದಿ ಬಾಗಿದ ಒಂದು ಪ್ಲಾಸ್ಟಿಕ್ ಸ್ಟ್ರಾ ಕೊಟ್ಟಿದ್ದರು. ಯಮುನಾಬಾಯಿ ಆ ಸ್ಟ್ರಾವನ್ನು ತೊಳೆದು ಚೀಲದಲ್ಲಿ ಹಾಕಿಕೊಂಡಳು. ಅವನು ಅದನ್ನು ನೋಡಿದ.

ಹದಿನೈದನೆಯ ದಿನ ಅವನಿಗೆ ತಡೆಯಲಾಗಲಿಲ್ಲ.

"ಎಷ್ಟು ಬಾಯಿ ತೆರದಾವ?" ಎಂದು ಕೇಳಿದ.

"ನಲವತ್ತಮೂರು."

ವಾಮನ ಗೋಡೆಯ ಕಡೆಗೆ ಹೊರಳಿದ. ನಲವತ್ತೊಂದು ಎಂದಿದ್ದರೆ ಅವನು ನಂಬುತ್ತಿದ್ದನೇನೋ. ನಲವತ್ತಮೂರು ಎಂಬುದು ಇರಲಾರದ ಮಾತು. ಅವಳು ತೊಟ್ಟಿಯನ್ನು ನೋಡಿಯೇ ಇಲ್ಲ, ಆ ಎರಡು ಮುಚ್ಚುವ ಮೊದಲು ಎಂದೋ ಅವನ ಬಾಯಿಂದ ಕೇಳಿದ ಅಂಕಿಯನ್ನು ಹೇಳುತ್ತಿದ್ದಾಳೆ ಎಂದು ಅವನಿಗೆ ಖಾತ್ರಿಯಾಯಿತು. ಅವನ ಕಣ್ಣ ಮುಂದೆ ನಾರುವ ನೀರೂ ಬಿಳಿ ಎಲುಬೂ ಬಂದವು. ಅವನಿಗೆ ಹೆಂಡತಿಯ ಮೇಲೆ ಸಿಟ್ಟು ಬರಲಿಲ್ಲ. ಅವಳು ಮೊದಲ ದಿನವೇ ಮುಟ್ಟುವುದಿಲ್ಲ ಎಂದಿದ್ದಳು. ತಪ್ಪು ತನ್ನದು ಎಂದುಕೊಂಡ. ಉಳಿದ ಮೂರು ದಿನ ಅವನು ಹವಳದ ಸುದ್ದಿ ಎತ್ತಲಿಲ್ಲ.

ಬಿಡುಗಡೆಯಾದ ದಿನ ಮನೆ ಮುಟ್ಟುವಾಗ ಮಧ್ಯಾಹ್ನ ಎರಡು ಗಂಟೆಗೆ ಹತ್ತು ನಿಮಿಷ ಇತ್ತು. ನರ್ಸ್ ಒಂದು ಕಡೆ, ಯಮುನಾಬಾಯಿ ಇನ್ನೊಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದರು. ಬಾಗಿಲು ತೆರೆಯುವ ಮೊದಲು ವಾಮನ ಮೂಗಿನಿಂದ ಉಸಿರೆಳೆದ. ನಾತವಿರಲಿಲ್ಲ. ತೊಟ್ಟಿಯನ್ನು ಹೊರಗೆ ಹಾಕಿಸಿ ಮನೆ ತೊಳೆಸಿದ್ದಾಳೆ ಎಂದುಕೊಂಡ.

ತೊಟ್ಟಿ ಇದ್ದಲ್ಲೇ ಇತ್ತು. ನೀರು ತಿಳಿಯಾಗಿತ್ತು. ಹವಳ ಮುಚ್ಚಿಕೊಂಡಿತ್ತು, ಆದರೆ ಬಣ್ಣ ಕಿತ್ತಳೆಯೇ ಇತ್ತು. ನರ್ಸ್ ತನ್ನ ಮನೆಗೆ ಹೋದಳು.

"ಕುರ್ಚಿ ಮ್ಯಾಲ ಕೂಡ್ರಿ. ಹೊತ್ತಾತು," ಎಂದಳು ಯಮುನಾಬಾಯಿ.

ಅವಳು ದೀಪ ಆರಿಸಿದಳು. ಕಪ್ಪು ಬಟ್ಟೆ ಹೊದಿಸಿದಳು. ಬಾಲ್ಕನಿಗೆ ಹೋಗಿ ಫ್ರಿಜ್ ತೆರೆದಳು. ಹಲಗೆಯ ಮೇಲೆ ಚಾಕುವಿನ ಸದ್ದು ಕೇಳಿತು. ಬಟ್ಟಲು ಹಿಡಿದು ಬಂದು ನಾಲ್ಕು ಹನಿ ಬಿಟ್ಟಳು. ಸೆರಗು ಸಿಕ್ಕಿಸಿ ನಿಂತು ಕಾದಳು. ವಾಮನ ಹೆಂಡತಿಯನ್ನೇ ನೋಡುತ್ತಿದ್ದ.

ಇಪ್ಪತ್ತು ನಿಮಿಷದ ಮೇಲೆ ಅವಳು ಬಟ್ಟೆಯ ಒಂದು ಅಂಚನ್ನು ಎತ್ತಿದಳು. ಹವಳದ ಬಾಯಿಗಳೆಲ್ಲ ತೆರೆದಿದ್ದವು. ಹಳದಿ ಎಳೆಗಳು ನೀರಿನಲ್ಲಿ ಆಡುತ್ತಿದ್ದವು.

ಆಗ ವಾಮನನಿಗೆ ಸಂತೋಷವಾಗಬೇಕಿತ್ತು. ಆದರೆ ಮೊದಲು ಆದದ್ದು ಸಂತೋಷವಲ್ಲ. ಎದೆಯಲ್ಲಿ ಏನೋ ಚುಚ್ಚಿತು. ಇದನ್ನು ಅವನೇ ಆಮೇಲೆ ಈ ಮಠಕ್ಕೆ ಬಂದಾಗ ನನಗೆ ಹೇಳಿದ, ಮುಚ್ಚಿಡಲಿಲ್ಲ. ಅವು ಸತ್ತಿದ್ದರೆ ತಾನು ಅಳುತ್ತಿದ್ದೆ, ಆದರೆ ಹೀಗೆ ಚುಚ್ಚುತ್ತಿರಲಿಲ್ಲ ಎಂದ.

ಯಮುನಾಬಾಯಿ ನೀರಿಗೆ ಕೈ ಹಾಕಿದಳು. ಚಹಾ ಸೋಸುವ ಒಂದು ಪ್ಲಾಸ್ಟಿಕ್ ಜಾಳಿಗೆಯನ್ನು ಏಡಿಯ ಮೇಲೆ ಬೋರಲು ಹಾಕಿದಳು. ಅದರ ಮೇಲೆ ಒಂದು ಕಲ್ಲಿಟ್ಟಳು. ಏಡಿ ಒಳಗೇ ಗರಗರ ತಿರುಗಿತು. ಅವಳು ಅದನ್ನು ಮತ್ತೆ ನೋಡಲೇ ಇಲ್ಲ.

ವಾಮನ ಎರಡು ವರ್ಷ ಆ ಏಡಿಯೊಂದಿಗೆ ಹೋರಾಡಿದ್ದ. ಅವನಿಗೆ ನಗು ಬಂತು. ನಕ್ಕರೆ ಹೊಲಿಗೆ ನೋಯುತ್ತಿತ್ತು. ಹೊಟ್ಟೆ ಹಿಡಿದುಕೊಂಡೇ ನಕ್ಕ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಎದೆಯಲ್ಲಿ ಚುಚ್ಚಿದ್ದು ಎಲ್ಲಿ ಹೋಯಿತೋ ಅವನಿಗೆ ತಿಳಿಯಲಿಲ್ಲ.

"ನಿನಗ ಯಾರು ಕಲಿಸಿದ್ರು?" ಎಂದು ಕೇಳಿದ.

"ಎರಡು ವರ್ಷ ನನ್ನ ಎದುರಿಗೇ ಮಾಡೀರಿ. ನನಗ ಕಣ್ಣಿಲ್ಲೇನು?"

"ಸೀಗಡಿ ಮುಟ್ಟಿದಿ?"

"ಮುಟ್ಟಿದೆ. ಆಮ್ಯಾಲ ಸ್ನಾನ ಮಾಡಿದೆ. ದಿನಾ ಎರಡು ಸ್ನಾನ ಆತು, ಮತ್ತೇನು?"

ಅವಳು ಉಣಿಸುತ್ತಲೇ ನಡೆದದ್ದನ್ನು ಹೇಳಿದಳು. ಮೊದಲ ದಿನ ಅವಳು ತೊಟ್ಟಿಯ ಕಡೆ ಹೋಗಿರಲಿಲ್ಲ. ಎರಡನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಮೂರು ಗಂಟೆಯಾಗಿತ್ತು. ದೀಪ ಹಚ್ಚಿಯೇ ಇತ್ತು. ಬಟ್ಟೆ ಹೊದಿಸಿರಲಿಲ್ಲ. ನೀರಲ್ಲಿ ವಾಸನೆಯೂ ಇರಲಿಲ್ಲ. ಆದರೂ ಕೆಲವು ಬಾಯಿಗಳು ಅರ್ಧ ತೆರೆದು ಎಳೆಗಳನ್ನು ಹೊರಗೆ ಚಾಚಿದ್ದವು. ಹೊತ್ತು ಮೀರಿದರೂ ಕಾಯುತ್ತಿದ್ದವು. ಅವಳು ಅಡುಗೆಮನೆಗೆ ಹೋಗಿ ತಾಟಿಗೆ ಅನ್ನ ಬಡಿಸಿಕೊಂಡಳು. ಒಂದು ತುತ್ತು ಕಲಸಿ ತಾಟನ್ನು ಸರಿಸಿದಳು. ಎದ್ದು ಬಾಲ್ಕನಿಯ ಫ್ರಿಜ್ ತೆರೆದಳು. ಕಣ್ಣು ಮುಚ್ಚಿ ಸೀಗಡಿ ಹಿಡಿದಳು. ಆಮೇಲೆ, ಕಣ್ಣು ಮುಚ್ಚಿ ಕತ್ತರಿಸಲಾಗದೆ, ತೆರೆದಳು.

ಅವತ್ತು ಒಂಬತ್ತು ಬಾಯಿ ತಿಂದವು. ಉಳಿದವು ಮುಚ್ಚಿಕೊಂಡವು. ಚೂರುಗಳು ಕೆಳಗೆ ಬಿದ್ದವು. ಬಿದ್ದವನ್ನು ಒಂದೊಂದಾಗಿ ನಳಿಗೆಯಿಂದ ಹೀರಿ ತೆಗೆದಳು. ಮರುದಿನ ಹೊತ್ತಿಗೆ ಸರಿಯಾಗಿ ಬಂದಳು. ಒಂದು ವಾರದಲ್ಲಿ ಕೈಗೆ ಸಿಗುವವೆಲ್ಲ ತೆರೆದವು. ನೀರಿನ ಕ್ಯಾನನ್ನು ಅವಳು ಅರ್ಧ ಅರ್ಧವೇ ತುಂಬಿಸಿ ತಂದಳು. ನರ್ಸ್ ಕ್ಯಾನಿನ ಇನ್ನೊಂದು ಬದಿ ಹಿಡಿದಳು.

"ಅಡಿಯಾಗಿನ ಎರಡು?" ಎಂದು ವಾಮನ ಕೇಳಿದ.

ಯಮುನಾಬಾಯಿ ನಳಿಗೆಯನ್ನು ಎತ್ತಿ ತೋರಿಸಿದಳು. ಅದರ ತುದಿಗೆ ಆಸ್ಪತ್ರೆಯ ಬಾಗಿದ ಸ್ಟ್ರಾವನ್ನು ದಾರದಿಂದ ಬಿಗಿದಿದ್ದಳು. ದರ್ಜಿಯ ಮನೆಯ ದಾರ, ಸಡಿಲವಾಗಿರಲಿಲ್ಲ. ಅವಳು ಅದನ್ನು ಹವಳದ ಹಿಂದೆ ಇಳಿಸಿ, ಗೋಡೆಯ ಕಡೆಗೆ ತಿರುಗಿಸಿ, ಮೆಲ್ಲಗೆ ಒತ್ತಿದಳು.

"ಇವೆರಡು ಪೂರಾ ತೆರೀಲಿಲ್ಲ. ಹೆಸರುಕಾಳಿನಷ್ಟು ತೆರದಾವ. ಆದ್ರ ತಿಂತಾವ," ಎಂದಳು.

ವಾಮನ ಎದ್ದು ಬಂದು ಬಗ್ಗಿ ನೋಡಲು ಹೋದ. ಅವಳು ಭುಜ ಹಿಡಿದು ಕೂರಿಸಿದಳು.

"ಬಗ್ಗಬ್ಯಾಡ್ರಿ. ಅವು ಎಲ್ಲೂ ಹೋಗೂದಿಲ್ಲ."

ಆಮೇಲೆ ಅವಳು ಕೈ ತೊಳೆದು, ಸ್ನಾನ ಮಾಡಿ, ಗಂಡನಿಗೆ ಮೆತ್ತಗಿನ ಅನ್ನವನ್ನೂ ತಿಳಿಸಾರನ್ನೂ ತಂದುಕೊಟ್ಟಳು. ಅನ್ನದಿಂದ ಹಬೆ ಏಳುತ್ತಿತ್ತು. ವಾಮನ ಎರಡು ವರ್ಷಗಳ ಮೇಲೆ ಮಧ್ಯಾಹ್ನ ಬಿಸಿ ಊಟ ಉಂಡ. ಉಂಡು ಕುರ್ಚಿಯಲ್ಲೇ ಒರಗಿ ನಿದ್ದೆ ಹೋದ. ನಾಲ್ಕಕ್ಕೆ ಏಳಬೇಕೆಂದು ಅವನಿಗೆ ಅನ್ನಿಸಲಿಲ್ಲ. ಎದ್ದಾಗ ಸಂಜೆ ಆರಾಗಿತ್ತು.

ಮೂರು ತಿಂಗಳ ಮೇಲೆ ಗಂಡಹೆಂಡತಿ ಊರಿಗೆ ಬಂದರು. ಬರುವ ಮೊದಲು ಯಮುನಾಬಾಯಿ ನರ್ಸ್‌ಗೆ ನಾಲ್ಕು ದಿನ ತೋರಿಸಿಕೊಟ್ಟಳು. ಮೊದಲ ದಿನ ನರ್ಸ್‌ನ ಕೈಗೆ ಏಳು ಬಾಯಿ ತೆರೆದವು. ವಾಮನ ನೋಡುತ್ತ ಕುಳಿತಿದ್ದ. ಅವನ ಕೈ ಎರಡು ಸಲ ನಳಿಗೆಯ ಕಡೆಗೆ ಹೋಯಿತು. ಎರಡು ಸಲವೂ ಅವನು ಅದನ್ನು ಹಿಂದೆ ತೆಗೆದುಕೊಂಡ. ನಾಲ್ಕನೆಯ ದಿನ ಇಪ್ಪತ್ತಾರು ತೆರೆದವು. ಉಳಿದವು ನಾಳೆ ತೆರೆಯುತ್ತವೆ ಎಂದು ನರ್ಸ್‌ಗೆ ಅವನೇ ಧೈರ್ಯ ಹೇಳಿದ.

ಮೊಮ್ಮಗಳನ್ನು ಎತ್ತಿಕೊಂಡು ಅವನು ಈ ಮಠಕ್ಕೂ ಬಂದಿದ್ದ. ಒಂದೂವರೆ ವರ್ಷದ ಕೂಸು, ಅವನ ಹೆಗಲಿಳಿಯಲು ಒಪ್ಪುತ್ತಿರಲಿಲ್ಲ. ಈ ಕತೆಯನ್ನೆಲ್ಲ ಈ ಜಗಲಿಯ ಮೇಲೆ ಕುಳಿತೇ ಹೇಳಿದ. "ಅಪ್ಪಾರ, ನಾ ದೊಡ್ಡ ಹೊರಿ ಹೊತ್ತೀನಿ ಅಂತ ತಿಳಿದಿದ್ದೆ. ಇಳಿಸಿದ ಮ್ಯಾಲ ನೋಡಿದ್ರ, ಅದರಾಗ ಅರ್ಧ ನಾನ ತುಂಬಿದ್ದಿತ್ತು," ಎಂದು ಹೇಳಿ ನಕ್ಕ. ಹೊತ್ತು ಎರಡಾಗಿತ್ತು. ಅವನು ಗಡಿಯಾರವನ್ನು ನೋಡಲಿಲ್ಲ.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು.

ನೀಲಮ್ಮ ಕತೆಯ ನಡುವೆ ಒಮ್ಮೆ ನಕ್ಕಿದ್ದಳು. ಏಡಿಯ ಮೇಲೆ ಜಾಳಿಗೆ ಬಿದ್ದಾಗ. ಈಗ ಅವಳ ಮುಖ ಬಂದಾಗಿನಷ್ಟು ಬಿಗಿಯಾಗಿರಲಿಲ್ಲ. ಶಾಂತವ್ವನಿಗೆ ನಾಳೆಯಿಂದಲೇ ತೋರಿಸಿಕೊಡಬಹುದು, ಸೋಮವಾರಕ್ಕೆ ಇನ್ನೂ ಐದು ದಿನವಿದೆ ಎಂದು ಅವಳು ಬೆರಳು ಮಡಚಿ ಎಣಿಸಿದಳು. ಕೊನೆಯ ಬೆರಳಿಗೆ ಬಂದಾಗ ಮತ್ತೆ ತಡೆದಳು.

"ಹವಳಕ್ಕ ಕೈ ಗುರ್ತು ಇರೂದಿಲ್ಲ, ಅಪ್ಪಾರ. ಕೂಸಿಗೆ ಇರ್ತದ," ಎಂದಳು.

"ಇರ್ತದ," ಎಂದರು ಗುರುಗಳು. "ಬರೇ ಒಂದ ಕೈ ಗುರ್ತು ಇರೂದು ಕೂಸಿಗೆ ಬೇಕಾಗ್ಯದೋ, ನಿನಗ ಬೇಕಾಗ್ಯದೋ?"